ಮೂರನೆಯ ಮಾಳಿಗೆಗೆ ಏರದ ನೀರು

ನನ್ನ ಅಳಿಯ ಸೋತ. ಗೆದ್ದಿದ್ದರೂ ನೀರು ಮೂರನೆಯ ಮಾಳಿಗೆಗೆ ಏರುತ್ತಿರಲಿಲ್ಲ. ನಡೆದದ್ದು ಇಷ್ಟೇ. ಇದಕ್ಕೆ ಭಾಷೆ, ಅಭಿಮಾನ, ಮೋಸ ಎಂದು ಏನೇನೋ ಹೆಸರಿಟ್ಟು ಹೇಳುವವರು ನಮ್ಮ ಬೀಗರ ಮನೆಯಲ್ಲಿದ್ದಾರೆ. ಅವರಾರೂ ಅಲ್ಲಿರಲಿಲ್ಲ. ನಾನಿದ್ದೆ.

ಇನ್ನೊಂದು ಮಾತು. ನಾನು ಪರದೇಶ ನೋಡಿ ಬಂದವಳು ಎಂದು ಓಣಿಯವರು ಆಡಿಕೊಳ್ಳುತ್ತಾರೆ. ನಾನು ಹೊರಟಾಗ ಅದು ಪರದೇಶವಾಗಿರಲಿಲ್ಲ. ನಮ್ಮ ನವಲಗುಂದವೂ ಮುಂಬೈ ಸರಕಾರದ್ದೇ, ಮುಂಬೈಯೂ ಅದೇ ಸರಕಾರದ್ದು. ನಾನು ಅಲ್ಲಿ ಮಗಳ ಬಾಣಂತನ ಮಾಡುತ್ತ ಕೂತಿದ್ದಾಗ ದಿಲ್ಲಿಯವರು ಜನ ಆಡುವ ಮಾತು ನೋಡಿ ಹೊಸ ಗೆರೆ ಎಳೆದರು. ನಮ್ಮೂರು ಎದ್ದು ಮೈಸೂರಿನ ಕಡೆ ಹೋಯಿತು, ನಾನು ಮುಂಬೈಯಲ್ಲೇ ಉಳಿದೆ. ಹೀಗೆ ಕೂತಲ್ಲೇ ಪರದೇಶಕ್ಕೆ ಹೋದವಳು ನಾನು.

ಪುಣೆ

ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕು. ಆದರೆ ಮಗಳು ಶಾಂತಾಳಿಗೆ ಕಾಲು ಬಾತಿದ್ದವು, ರಕ್ತ ಕಡಿಮೆ, ಗಾಡಿಯಲ್ಲಿ ಕಳಿಸಬೇಡಿ ಎಂದು ಅಲ್ಲಿಯ ಡಾಕ್ಟರು ಹೇಳಿದರಂತೆ. ಅವಳು ಬರುವಂತಿಲ್ಲ ಎಂದ ಮೇಲೆ ನಾನೇ ಹೋಗಬೇಕಾಯಿತು. ಬಾಣಂತಿಯ ಉಂಡೆಗೆಂದು ಅಂಟು, ಅಳವಿ, ಒಣ ಕೊಬ್ಬರಿ, ಒಂದು ಡಬ್ಬಿ ತುಪ್ಪ ಗಂಟು ಕಟ್ಟಿದೆ.

ಹುಬ್ಬಳ್ಳಿಯಿಂದ ಪುಣೆಯವರೆಗೆ ಸಣ್ಣ ಗಾಡಿ, ಅಲ್ಲಿಂದ ಮುಂದೆ ದೊಡ್ಡ ಗಾಡಿ. ಸಣ್ಣ ಗಾಡಿಯಲ್ಲಿ ನಾನು ಕೂಡುವ ಮೊದಲೇ ಯಾವ ಊರು, ಯಾರ ಮನೆ, ಎಷ್ಟು ಮಕ್ಕಳು ಎಂದು ಕೇಳಿ ಮುಗಿಸಿದ್ದರು. ಕೇಳಿದ ಮೇಲೆ ಜಾಗ ಕೊಟ್ಟರು. ದೊಡ್ಡ ಗಾಡಿಯಲ್ಲಿ ಯಾರೂ ಏನೂ ಕೇಳಲಿಲ್ಲ, ಜಾಗವನ್ನೂ ಕೊಡಲಿಲ್ಲ. ನಾನು ಗಂಟಿನ ಮೇಲೆ ಕೂತೆ. ಘಾಟು ಇಳಿಯುವಾಗ ಸುರಂಗದೊಳಗೆ ಹೋದಾಗೆಲ್ಲ ತುಪ್ಪದ ಡಬ್ಬಿಯ ಮೇಲೆ ಕೈ ಇಟ್ಟುಕೊಂಡೆ. ಡಬ್ಬಿ ಉಳಿಯಿತು. ಕೊಬ್ಬರಿ ಯಾರೋ ತಿಂದರು.

ದಾದರಿನಿಂದ ಮುಂದೆ

ದಾದರಿಗೆ ಅಳಿಯ ಬಂದಿದ್ದ. ರೈಲ್ವೆ ಕಚೇರಿಯಲ್ಲಿ ಕ್ಲಾರ್ಕು, ಬಿಳೀ ಅಂಗಿ, ಕಿಸೆಯಲ್ಲಿ ಪೆನ್ನು. ಒಳ್ಳೆಯ ಮನುಷ್ಯ. ನಮ್ಮ ಮನೆತನದಲ್ಲಿ ಅತ್ತೆಯಾದವಳು ಅಳಿಯನ ಎದುರು ಸೆರಗು ಹೊದ್ದು ನಿಲ್ಲುತ್ತಾಳೆ. ನೇರ ಮಾತಾಡುವುದಿಲ್ಲ, ಹೆಸರು ಹಿಡಿದು ಕರೆಯುವುದಂತೂ ಇಲ್ಲವೇ ಇಲ್ಲ. ಹೇಳುವುದಿದ್ದರೆ ಮಗಳ ಮುಖಾಂತರ. ದಾದರಿನಲ್ಲಿ ಮಗಳಿರಲಿಲ್ಲ, ಹೀಗಾಗಿ ಇಬ್ಬರೂ ಸುಮ್ಮನೆ ಲೋಕಲ್ ಹತ್ತಿದೆವು.

ಘಾಟ್ಕೋಪರ್ ಬಂತು. ಅವನು ನನ್ನ ಗಂಟು ಹಿಡಿದು ಇಳಿದ. ನಾನು ಬಾಗಿಲಿಗೆ ಬರುವಷ್ಟರಲ್ಲಿ ಹತ್ತುವವರು ನುಗ್ಗಿದರು. ಇಳಿಯುವವರು ಕೆಲವರು, ಹತ್ತುವವರು ಒಂದು ಸಂತೆ. ಹೆಚ್ಚು ಜನ ಯಾವ ಕಡೆಗೋ ನಾನೂ ಆ ಕಡೆಗೇ ಹೋದೆ, ಹಿಂದಕ್ಕೆ. ಅಳಿಯ ಆ ಕಡೆ ಮುಖ ಮಾಡಿ ನಿಂತಿದ್ದ. ಒಂದು ಸಲ ಹೆಸರು ಕೂಗಿದ್ದರೆ ತಿರುಗಿ ನೋಡಿ ಎಳೆದುಕೊಳ್ಳುತ್ತಿದ್ದ. ಹೆಸರು ನಾಲಗೆಯ ಮೇಲೇ ಇತ್ತು. ಕೂಗಲಿಲ್ಲ. ಗಾಡಿ ಹೊರಟಿತು.

ಬಾಗಿಲಲ್ಲಿ ನನ್ನ ಪಾಡು ನೋಡಿದ್ದ ಒಬ್ಬ ಕಾಯಿಪಲ್ಯೆ ಮಾರುವವಳು ವಿಕ್ರೋಳಿಯಲ್ಲಿ ನನ್ನ ರಟ್ಟೆ ಹಿಡಿದು ಇಳಿಸಿ, ಸೇತುವೆ ಹತ್ತಿಸಿ, ತಿರುಗಿ ಹೋಗುವ ಗಾಡಿಗೆ ತಳ್ಳಿದಳು. ಅವಳಿಗೆ ನನ್ನ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಕೇಳಲೂ ಇಲ್ಲ. ಮುಂಬೈಯವರ ರೀತಿ ಇದು. ಕೇಳುವುದಿಲ್ಲ, ಆದರೆ ತಳ್ಳುತ್ತಾರೆ.

ಚಾಳಿನ ಖೋಲಿ

ಮಗಳ ಮನೆಯೆಂದರೆ ಚಾಳಿನ ಮೂರನೆಯ ಮಾಳಿಗೆಯಲ್ಲಿ ಒಂದು ಖೋಲಿ, ಮೂಲೆಯಲ್ಲಿ ಸ್ನಾನಕ್ಕೆ ಒಂದು ಮೋರಿ, ನಡುವೆ ಒಂದು ಪರದೆ. ಕೈ ಚಾಚಿದರೆ ಅಳಿಯನಿಗೆ ತಾಗುವಷ್ಟು ಜಾಗ. ಆದರೂ ನಾನು ಅವನ ಕೂಡ ಮಾತಾಡಲಿಲ್ಲ. ಉಪ್ಪು ತರುವುದಿದ್ದರೂ ಶಾಂತಾಳಿಗೆ ಹೇಳುತ್ತಿದ್ದೆ, ಅವಳು ಮಲಗಿದ್ದರೆ ಮಗುವಿಗೆ ಹೇಳುತ್ತಿದ್ದೆ. ಮಗು ಹುಟ್ಟಿ ಮೂರು ದಿನವಾಗಿತ್ತು, ಕೇಳಿಸಿಕೊಳ್ಳುತ್ತಿತ್ತು.

ನಲ್ಲಿ ಇದ್ದದ್ದು ಕೆಳಗೆ, ಅಂಗಳದಲ್ಲಿ. ಇಡೀ ಚಾಳಿಗೆ ಅದೊಂದೇ. ಬೆಳಗಿನ ಜಾವ ನೀರು ಬಿಡುತ್ತಿದ್ದರು, ಸೂರ್ಯ ಮೇಲೇರುವಾಗ ನಿಲ್ಲುತ್ತಿತ್ತು. ಬಾಣಂತಿಗೆ ಎರೆಯಲು ನಮ್ಮ ಕಡೆ ಒಂದು ಹಂಡೆ ನೀರು ಬೇಕು. ನಾನು ದಿನಾ ಕೊಡ ಹೊತ್ತು ಮೂರು ಮಾಳಿಗೆ ಏರಿದೆ. ನನ್ನ ಮೊಣಕಾಲಿನ ವಿಚಾರ ಬಿಡಿ, ಅವು ಹಳೆಯವು. ನನಗಿದ್ದ ಚಿಂತೆ ಒಂದೇ. ನಾನು ಊರಿಗೆ ಹೋದ ಮೇಲೆ ಇದನ್ನು ಹೊರಬೇಕಾದವಳು ಶಾಂತಾ. ಅವಳು ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತಿತ್ತು. ಗೋಡೆ ಹಿಡಿದು ನಡೆಯುತ್ತಿದ್ದಳು.

ಆ ಹೊತ್ತಿಗೆ ಚಾಳಿನ ಮಾಲೀಕ ಇನ್ನೊಂದು ನಲ್ಲಿ ಹಾಕಿಸಲು ಒಪ್ಪಿದ್ದ. ಎಲ್ಲಿ ಹಾಕಬೇಕೆಂಬುದನ್ನು ಚಾಳಿನ ಕಮಿಟಿಯ ಮುಖ್ಯಸ್ಥ ಹೇಳಬೇಕು. ಇಷ್ಟು ವರ್ಷ ಮೊದಲ ಮಾಳಿಗೆಯ ಗುಜರಾತಿ ಶೇಠ ಮುಖ್ಯಸ್ಥನಾಗಿದ್ದ. ಅವನಿಗೆ ಕಣ್ಣು ಮಂಜಾಗಿ, ಬೇರೆಯವರನ್ನು ಆರಿಸಿಕೊಳ್ಳಿ ಎಂದಿದ್ದ. ಅಳಿಯ ನಿಂತ. ಅಳಿಯ ಗೆದ್ದರೆ ನಲ್ಲಿ ಮೇಲೆ ಬರುತ್ತದೆ, ಮಗಳು ಬದುಕಿಕೊಳ್ಳುತ್ತಾಳೆ. ನನಗೆ ರಾಜಕಾರಣ ಅಂದರೆ ಅಷ್ಟು.

ದೀಪಾವಳಿ

ದೀಪಾವಳಿಯ ಹೊತ್ತಿಗೆ ನಮ್ಮ ಜಿಲ್ಲೆಗಳು ಮುಂಬೈ ಬಿಟ್ಟವು. ಮೇಲಿನ ಮಾಳಿಗೆಯ ಧಾರವಾಡ, ಬೆಳಗಾವಿ ಕಡೆಯ ಕ್ಲಾರ್ಕುಗಳು ಸಕ್ಕರೆ ಹಂಚಿದರು. ಮರಾಠಿಯವರು ಹಂಚಲಿಲ್ಲ, ಮುಂಬೈ ಯಾರಿಗೆ ಎನ್ನುವುದು ಅವರಿಗಿನ್ನೂ ಇತ್ಯರ್ಥವಾಗಿರಲಿಲ್ಲ. ಸ್ಟೇಷನ್ ಕಡೆ ಮೆರವಣಿಗೆ ಹೋಗುತ್ತಿದ್ದವು. ನಮ್ಮ ಅಂಗಳದಲ್ಲಿ ಮಾತ್ರ ಜಗಳವಿರಲಿಲ್ಲ. ಒಂದೇ ನಲ್ಲಿಗೆ ನಿಲ್ಲುವವರು ಜಗಳವನ್ನು ಹೊರಗೆ ಇಟ್ಟುಬರುತ್ತಾರೆ.

ಅಳಿಯನಿಗೆ ಮಾತ್ರ ಭಾಷೆ ತಲೆಗೇರಿತ್ತು. ಚಾಳಿನ ರೂಢಿ ಖೋಲಿಗೊಂದು ಮತ. ಅವನು ಮೀಟಿಂಗಿನಲ್ಲಿ ಎದ್ದು ನಿಂತು, ದೇಶಕ್ಕೆಲ್ಲ ತಲೆಗೊಂದು ಮತವಿರುವಾಗ ನಮ್ಮ ಚಾಳಿಗೆ ಯಾಕಿಲ್ಲ ಎಂದು ಕೇಳಿದನಂತೆ. ಶೇಠ ತಲೆ ಕೆರೆದುಕೊಂಡು ಆಗಲಿ ಎಂದ. ಅಳಿಯ ಗೆದ್ದವನ ಹಾಗೆ ಮೇಲೆ ಬಂದ.

"ಅತ್ತಿಯವರ, ಕೆಳಗ ಹೋಟೆಲ್ ಮಂದಿ ಎರಡು ಖೋಲ್ಯಾಗ ಗಿಜಿಗಿಜಿ ತುಂಬ್ಯಾರ. ಉಡುಪಿ, ಮಂಗಳೂರು, ಎಲ್ಲಾ ನಮ್ಮ ಕನ್ನಡದವರು. ಖೋಲಿಗೊಂದು ಅಂದ್ರ ಎರಡೇ ಮತ. ತಲಿಗೊಂದು ಅಂದ್ರ ಆತು, ಮುಗೀತು."

ನಾನು ಮಗಳ ಕಡೆ ತಿರುಗಿದೆ. "ಶಾಂತಾ, ಅವರು ತಮ್ಮೊಳಗ ಮಾತಾಡೂದು ತುಳು ಅಂತ ನಿನ್ನ ಗಂಡಗ ಗೊತ್ತೈತೇನ ಕೇಳು."

"ಕೇಳ್ಯಾರ ಬಿಡವ್ವ," ಅಂದಳು.

"ತಲಿಗೊಂದು ಅಂದ ಮ್ಯಾಲ ಹೆಂಗಸರ ತಲಿನೂ ಬಂತೇನ ಅಂತ ಕೇಳು."

ಅಳಿಯ ನಕ್ಕ. ಹೆಂಗಸರು ಗಂಡಂದಿರು ಹೇಳಿದಲ್ಲಿ ಹಾಕುತ್ತಾರೆ ಅಂದ. ಅವನ ಹೆಂಡತಿ ಪರದೆಯ ಆಚೆ ಮಗುವಿಗೆ ಹಾಲು ಕೊಡುತ್ತಿದ್ದಳು.

ನಲ್ಲಿಯ ಕಟ್ಟೆ

ನಲ್ಲಿಯ ಹತ್ತಿರದ ಖೋಲಿ ಕಾಶಿಬಾಯಿಯದು. ಗಿರಣಿಯಲ್ಲಿ ದುಡಿಯುತ್ತಿದ್ದ ಗಂಡ ತೀರಿಕೊಂಡಿದ್ದ, ತಾನು ಮನೆಮನೆಗೆ ಜೋಳದ ಭಾಕರಿ ಬಡಿದುಕೊಡುತ್ತಿದ್ದಳು. ತವರು ಜತ್ತ ಕಡೆ, ತಾಯಿಯ ಮಾತು ಕನ್ನಡವಂತೆ, ತನ್ನದು ಮರಾಠಿ. ಎರಡನ್ನೂ ಕಲಸಿ ಮಾತಾಡುತ್ತಿದ್ದಳು. ಅವಳ ಖೋಲಿಯ ಹೊಸ್ತಿಲಿಂದ ನಲ್ಲಿಗೆ ನಾಲ್ಕು ಹೆಜ್ಜೆಯೂ ಇಲ್ಲ. ಹಾಗಾಗಿ ನೀರು ಬಂದದ್ದು ಮೊದಲು ಅವಳಿಗೆ ಗೊತ್ತಾಗುತ್ತಿತ್ತು, ಸಾಲು ನೋಡುವುದೂ ಅವಳ ಕೆಲಸವಾಗಿ ಹೋಗಿತ್ತು. ಯಾರೂ ಕೊಟ್ಟ ಕೆಲಸವಲ್ಲ. ನಮ್ಮ ನವಲಗುಂದದಲ್ಲೂ ಹಾಗೇ. ಕೆರೆಯ ದಂಡೆಯ ಮೇಲೆ ಮನೆ ಇದ್ದವನ ಮಾತಿಗೆ ಊರಲ್ಲಿ ತೂಕ ಹೆಚ್ಚು. ಅವನೇನು ಜಾಣನಲ್ಲ. ಕೆರೆ ಅವನ ಮನೆ ಮುಂದಿದೆ, ಅಷ್ಟೇ.

ಹೋಟೆಲ್ ಮಂದಿ ಇದ್ದದ್ದು ಅಂಗಳದ ಇನ್ನೊಂದು ತುದಿಗೆ. ಅವರು ಬಂದು ಮಲಗುವ ಹೊತ್ತು ಬೇರೆ, ಎದ್ದು ಹೋಗುವ ಹೊತ್ತು ಬೇರೆ. ಒಬ್ಬ ಎದ್ದ ಚಾಪೆಯ ಮೇಲೆ ಇನ್ನೊಬ್ಬ ಮಲಗುತ್ತಿದ್ದ. ನೀರು ಬರುವ ಹೊತ್ತಿಗೆ ಅರ್ಧ ಜನ ಒಲೆ ಹಚ್ಚಲು ಹೋಗಿರುತ್ತಿದ್ದರು, ಇನ್ನರ್ಧ ಹೆಣದ ಹಾಗೆ ಮಲಗಿರುತ್ತಿದ್ದರು. ಅದಕ್ಕೆ ಅವರ ಡಬ್ಬಗಳನ್ನು ರಾತ್ರಿಯೇ ಸಾಲಿನಲ್ಲಿ ಇಟ್ಟುಬಿಡುತ್ತಿದ್ದರು. ಕಾಶಿಬಾಯಿ ಅವನ್ನು ಕಾಲಿನಿಂದ ಮುಂದಕ್ಕೆ ಸರಿಸುತ್ತ, ಪಾಳಿ ಬಂದಾಗ ತುಂಬಿಸುತ್ತಿದ್ದಳು. ಎದ್ದ ಮೇಲೆ ಅವರೇ ಹೊತ್ತುಕೊಂಡು ಹೋಗುತ್ತಿದ್ದರು. ಮೀಸೆ ಬಂದ ಗಂಡಸರು ಹೆಗಲ ಮೇಲೆ ನೀರು ಹೊರುವುದನ್ನು ನಾನು ಮೊದಲು ನೋಡಿದ್ದು ಅಲ್ಲಿ. ನಮ್ಮ ಕಡೆ ಗಂಡಸು ಕೊಡ ಹೊತ್ತರೆ ಮನೆಯಲ್ಲಿ ಹೆಂಗಸು ಸತ್ತಿರಬೇಕು ಎಂದುಕೊಳ್ಳುತ್ತಾರೆ. ನನಗೆ ನಗು ಬಂತು. ಸೆರಗಿನೊಳಗೆ ನಕ್ಕೆ.

ಇದನ್ನು ನಾನು ದಿನಾ ನೋಡುತ್ತಿದ್ದೆ. ಅಳಿಯ ನೋಡಿರಲಿಲ್ಲ. ಚಾಳಿನ ರಾಜಕಾರಣವೆಲ್ಲ ನಡೆಯುವ ಹೊತ್ತಿನಲ್ಲಿ ಅವನು ಮಲಗಿರುತ್ತಿದ್ದ.

ಮತ ಹಾಕುವುದು ಭಾನುವಾರ ಎಂದು ಗೊತ್ತಾಯಿತು. ಅದಕ್ಕೆ ಎರಡು ದಿನ ಮೊದಲು ಕಾಶಿಬಾಯಿ ತಾನೂ ನಿಲ್ಲುವುದಾಗಿ ಶೇಠನಿಗೆ ಹೇಳಿದಳು. ತಲೆಗೊಂದು ಮತವಾದರೆ ತನಗೂ ತಲೆ ಇದೆ ಎಂದಳಂತೆ. ಅಳಿಯ ಜೋರಾಗಿ ನಕ್ಕ. ಅವನ ಜತೆಯ ಕ್ಲಾರ್ಕುಗಳೂ ನಕ್ಕರು. ನನಗೆ ನಗು ಬರಲಿಲ್ಲ.

ಹೋಟೆಲ್ ಮಂದಿಯ ಖೋಲಿ

ನಾನು ಒಂದು ತಾಟಿನಲ್ಲಿ ಅಂಟಿನುಂಡೆ ಇಟ್ಟುಕೊಂಡು ಹೋಟೆಲ್ ಮಂದಿಯ ಖೋಲಿಗೆ ಹೋದೆ. ಬಾಣಂತಿಯ ಉಂಡೆ, ಮಗಳ ಪಾಲಿನದು. ಮತ ಕೇಳಲು ಬರಿಗೈಯಲ್ಲಿ ಹೋಗಬಾರದು. ಅಳಿಯನಿಗೆ ಹೇಳಿರಲಿಲ್ಲ.

ಸೀನಪ್ಪ ಎಂಬ ದೋಸೆ ಹುಯ್ಯುವವನು ಎಚ್ಚರವಿದ್ದ. ಚಾಪೆ ಜಾಡಿಸಿ ಹಾಕಿ ಕೂರಿಸಿದ. ಬಹಳ ಮರ್ಯಾದೆಯ ಜನ, ಅಮ್ಮಾ ಎನ್ನದೆ ಮಾತು ಶುರುಮಾಡುವುದಿಲ್ಲ. ಅವನ ಕನ್ನಡ ಪುಸ್ತಕದ ಹಾಗಿತ್ತು, ನನ್ನದು ಅವನಿಗೆ ಅರ್ಧ ತಿಳಿಯುತ್ತಿರಲಿಲ್ಲ. ಇಬ್ಬರೂ ನಿಧಾನವಾಗಿ ಮಾತಾಡಿದೆವು. ಅವನೂರಲ್ಲಿ ಕೆರೆಯ ನೀರು ಯಾರ ಕೈಯಲ್ಲಿ ಎಂದು ಕೇಳಿದೆ.

"ಕೆರೆ ಯಾಕಮ್ಮಾ? ನಮ್ಮಲ್ಲಿ ಮನೆಗೊಂದು ಬಾವಿ ಉಂಟು. ಒಂದು ಮನೆಯಿಂದ ಕೂಗಿದರೆ ಇನ್ನೊಂದು ಮನೆಗೆ ಕೇಳುವುದಿಲ್ಲ. ಊರಿನ ಪಟೇಲ ಯಾರು ಅಂತ ನನ್ನ ತಾಯಿಗೆ ಈಗಲೂ ಗೊತ್ತಿಲ್ಲ."

ನನಗೆ ಆಶ್ಚರ್ಯವಾಯಿತು. ನಮ್ಮೂರಲ್ಲಿ ಒಂದು ಕೆರೆ, ಎಲ್ಲರೂ ಅಲ್ಲಿಗೇ ಬರಬೇಕು, ಮುಖ ನೋಡಬೇಕು, ಮಾತು ಕೇಳಬೇಕು. ಅದಕ್ಕೇ ನಮ್ಮವರಿಗೆ ಪಂಚಾಯಿತಿ ಅಂದರೆ ಜೀವ. ಬಾವಿ ಹಿತ್ತಲಲ್ಲೇ ಇದ್ದವರಿಗೆ ಅದರ ಹಂಗು ಯಾಕೆ? ಹಾಗಾದರೆ ಇಲ್ಲಿ ಹೇಗೆ ಎಂದೆ.

"ಇಲ್ಲಿ ನಲ್ಲಿಗೆ ಕೈ ಮುಗಿಯುವುದು ಕಲಿತೆವು," ಎಂದು ನಕ್ಕ. ಆಮೇಲೆ ಉಂಡೆಯ ಕಡೆ ನೋಡುತ್ತ ಮೆಲ್ಲಗೆ ಅಂದ, "ನಿಮ್ಮ ಅಳಿಯಂದಿರು ಒಳ್ಳೆಯವರಮ್ಮ. ಮೊನ್ನೆ ಬಂದು ಕನ್ನಡದ ಮೇಲೆ ಎಷ್ಟು ಚಂದ ಮಾತಾಡಿದರು ಮಾರಾಯ್ರೆ. ನಮ್ಮಲ್ಲಿ ಕೆಲವರಿಗೆ ಕಣ್ಣೀರೇ ಬಂತು."

"ಹಂಗಾದ್ರ ಅವಗ ಹಾಕ್ತೀರೇನಪಾ?"

"ಆಯ್ತಮ್ಮ, ಆಯ್ತು."

ಆ ಎರಡು ಆಯ್ತು ಕೇಳಿದಾಗಲೇ ಇಲ್ಲ ಎಂದು ತಿಳಿಯಿತು. ಹೌದು ಎನ್ನುವವನು ಒಂದೇ ಸಲ ಅನ್ನುತ್ತಾನೆ. ಮುಖದ ಮೇಲೆ ಇಲ್ಲ ಎನ್ನುವುದು ಆ ಜನಕ್ಕೆ ಬರುವುದಿಲ್ಲ. ನಮ್ಮವರಿಗೆ ಬರುವುದು ಅದೊಂದೇ. ಅಳಿಯ ಅವರ ಆಯ್ತನ್ನೆಲ್ಲ ಎಣಿಸಿಕೊಂಡು ಕೂತಿದ್ದ. ಉಂಡೆ ಅಲ್ಲೇ ಬಿಟ್ಟು ಬಂದೆ. ಕೊಟ್ಟದ್ದನ್ನು ತಿರುಗಿ ತರಲಾಗುವುದಿಲ್ಲ.

ಮೇಲೆ ಬಂದು ಮಗಳ ಮುಖಾಂತರ ಅಳಿಯನಿಗೆ ಹೇಳಿಸಿದೆ. ಕಾಶಿಬಾಯಿ ನೀರಿನ ಮಾತು ಆಡುತ್ತಿದ್ದಾಳೆ, ಹೊಸ ನಲ್ಲಿ ಹಿತ್ತಲಲ್ಲಿ, ಹೋಟೆಲ್ ಮಂದಿ ಕೆಲಸ ಮುಗಿಸಿ ಬಂದಾಗ ಸ್ನಾನಕ್ಕೆ ಸಿಗುವ ಹಾಗೆ ನೀರು ತುಂಬಿಡುವ ಒಂದು ಟಾಕಿ ಎನ್ನುತ್ತಿದ್ದಾಳೆ, ನೀವೂ ನೀರಿನ ಮಾತು ಆಡಿರಿ ಎಂದು. ಮೇಲಿನ ಮಾಳಿಗೆಗೆ ನಲ್ಲಿ ಅಂದರೆ ಕೆಳಗಿನವರು ಸಿಟ್ಟಾಗುತ್ತಾರೆ, ಅದಕ್ಕೇ ಆ ಮಾತು ಎತ್ತಿಲ್ಲ ಅಂದ ಅಳಿಯ. ಗೆದ್ದ ಮೇಲೆ ನೋಡೋಣ ಅಂದ. ನಾನು ಎರಡನೆಯ ಇಯತ್ತೆ ಓದಿದವಳು. ಇರಬಹುದು ಎಂದುಕೊಂಡೆ.

ಭಾನುವಾರ

ಅಂಗಳದಲ್ಲಿ ಒಂದು ಸೀರೆ ಅಡ್ಡ ಕಟ್ಟಿ, ಹಿಂದೆ ಎರಡು ಎಣ್ಣೆ ಡಬ್ಬ ಇಟ್ಟಿದ್ದರು. ಒಂದರ ಮೇಲೆ ಸುಣ್ಣದಿಂದ ಪೆನ್ನಿನ ಚಿತ್ರ, ಅದು ಅಳಿಯನದು. ಇನ್ನೊಂದರ ಮೇಲೆ ಕೊಡ. ಒಬ್ಬೊಬ್ಬರಿಗೆ ಒಂದೊಂದು ಹುಣಸೆ ಬೀಜ. ನಾನೂ ಕೈ ಚಾಚಿದೆ. ಶೇಠ ಕಣ್ಣು ಕಿರಿದು ಮಾಡಿ ನೋಡಿ, ಆಜಿ, ನೀವೀಗ ಮೈಸೂರಿನವರು ಎಂದು ಕೈ ಮುಚ್ಚಿದ. ಎಲ್ಲರೂ ನಕ್ಕರು. ಹದಿನೈದು ದಿನ ಮೊದಲಾಗಿದ್ದರೆ ಕೊಡುತ್ತಿದ್ದರೇನೋ, ಗೊತ್ತಿಲ್ಲ.

ಶಾಂತಾ ಹೆರಿಗೆಯಾದ ಮೇಲೆ ಮೊದಲ ಸಲ ಕೆಳಗಿಳಿದಳು. ಬೇಡ ಎಂದರೂ ಕೇಳಲಿಲ್ಲ. ಗಂಡನ ಡಬ್ಬಕ್ಕೇ ಹಾಕಿದೆ ಅಂದಳು. ಹತ್ತುವಾಗ ಒಂದೊಂದು ಮಾಳಿಗೆಗೂ ಕೂತಳು. ಎರಡನೆಯದರಲ್ಲಿ ಮೆಟ್ಟಿಲ ಕಟಾಂಜನಕ್ಕೆ ತಲೆಯಿಟ್ಟು ಕಣ್ಣು ಮುಚ್ಚಿದಳು, ತುಟಿ ಬಿಳಚಿಕೊಂಡಿದ್ದವು. ಅವಳ ಕೈಯಲ್ಲಿ ಕೊಡ ಇರಲಿಲ್ಲ, ಮಗು ಇರಲಿಲ್ಲ, ಹುಣಸೆ ಬೀಜವೂ ಇರಲಿಲ್ಲ. ಬರಿಗೈಯಲ್ಲಿ ಏರಲು ಅಷ್ಟು ಹೊತ್ತಾಯಿತು.

ಹೋಟೆಲ್ ಮಂದಿ ಪಾಳಿಯ ಮೇಲೆ ಬಂದರು, ಒಬ್ಬರ ಹಿಂದೆ ಒಬ್ಬರು, ಕೈಗೆ ಹಿಟ್ಟು ಮೆತ್ತಿಕೊಂಡೇ. ಬಂದವರೆಲ್ಲ ಅಳಿಯನಿಗೆ ನಮಸ್ಕಾರ ಮಾಡಿದರು. ಹೆಂಗಸರು ಎಲ್ಲರೂ ಒಟ್ಟಿಗೆ ಬಂದರು, ನಲ್ಲಿಯ ಸಾಲಿನಲ್ಲಿ ನಿಂತ ಹಾಗೇ, ಅದೇ ಕ್ರಮದಲ್ಲಿ. ಅವರನ್ನು ಹಾಗೆ ನಿಲ್ಲಿ ಎಂದು ಯಾರೂ ಹೇಳಿರಲಿಲ್ಲ.

ಸಂಜೆ ಡಬ್ಬ ಸುರಿದರು. ಎಣಿಸುವ ಕೆಲಸವೇ ಬೀಳಲಿಲ್ಲ. ಕೊಡದ ರಾಶಿ ಎದ್ದು ಕಾಣುತ್ತಿತ್ತು. ಖೋಲಿಗೊಂದು ಮತವಿದ್ದಿದ್ದರೆ, ಮೇಲಿನ ಎರಡು ಮಾಳಿಗೆಯ ಕ್ಲಾರ್ಕುಗಳೆಲ್ಲ ಸೇರಿ ಅಳಿಯನನ್ನು ದಡ ಹಾಯಿಸುತ್ತಿದ್ದರು. ತಾನು ತಂದ ಕಾಯ್ದೆಯಿಂದಲೇ ಅವನು ಬಿದ್ದ.

ಹೊಸ ನಲ್ಲಿಗೆಂದು ಬಂದಿದ್ದ ಪ್ಲಂಬರ್ ಅಲ್ಲೇ ನಿಂತು ಬೀಡಿ ಸೇದುತ್ತಿದ್ದ. ನಾನು ನನಗೆ ಬರುವ ಮರಾಠಿಯಲ್ಲಿ ಕೇಳಿದೆ, ನನ್ನ ಅಳಿಯ ಗೆದ್ದಿದ್ದರೆ ಮೂರನೆಯ ಮಾಳಿಗೆಗೆ ನಲ್ಲಿ ಆಗುತ್ತಿತ್ತಲ್ಲವೇ ಎಂದು. ನಲ್ಲಿ ಆಗುತ್ತಿತ್ತು ಆಜಿ, ನೀರು ಬರುತ್ತಿರಲಿಲ್ಲ ಎಂದ. ಈ ಕಡೆಯ ನೀರಿಗೆ ಮೊದಲ ಮಾಳಿಗೆ ಏರುವುದರೊಳಗೇ ಉಸಿರು ಹೋಗುತ್ತದಂತೆ. ಯಾರು ಗೆದ್ದರೂ ನೀರು ತಗ್ಗಿನಲ್ಲೇ ಇರುತ್ತದೆ.

ಅಳಿಯ ಆ ಸಂಜೆ ಬಹಳ ಮಾತಾಡಿದ. ಕರಾವಳಿಯವರಿಗೆ ಅಭಿಮಾನವಿಲ್ಲ ಅಂದ, ಮುಂಬೈ ನಮ್ಮದಲ್ಲ ಅಂದ, ವರ್ಗ ಮಾಡಿಸಿಕೊಂಡು ಹುಬ್ಬಳ್ಳಿಗೆ ಹೋಗಿಬಿಡೋಣ ಅಂದ. ಶಾಂತಾ ಗೋಡೆಗೆ ಆತು ಕೂತು ಕೇಳಿದಳು. ಕಡೆಗೆ ಅಂದಳು, "ಅವ್ವ ಹ್ವಾದ ಮ್ಯಾಲ ದಿನಕ್ಕೊಂದು ಕೊಡ ತರ್ತೇನ್ರಿ. ಅಷ್ಟರಾಗ ಹೊಂದಿಸೋಣು." ಅವನಿಗೆ ಕೇಳಿಸಿತೋ ಇಲ್ಲವೋ. ನನಗೆ ಕೇಳಿಸಿತು.

ಸೋಮವಾರ

ಬೆಳಗಿನ ಜಾವ ಕೆಳಗೆ ಕೊಡಗಳ ಸದ್ದಾಯಿತು. ನಾನೆದ್ದೆ. ದಿನದ ಹಾಗೆ ಕೊಡ ಎತ್ತಿಕೊಂಡು ಬಾಗಿಲಿಗೆ ಹೋಗಲಿಲ್ಲ. ಪರದೆ ಸರಿಸಿ ಅಳಿಯನ ತಲೆದಿಂಬಿನ ಹತ್ತಿರ ನಿಂತೆ. ಸೆರಗು ತಲೆಯ ಮೇಲೇ ಇತ್ತು.

"ಬಸವರಾಜ, ಏಳಪಾ. ನೀರು ಬಂದಾವು."

ಗೋಡೆ ಮಾತಾಡಿದ್ದು ಕೇಳಿದವನ ಹಾಗೆ ಅವನು ಎದ್ದು ಕೂತ. ಶಾಂತಾಳೂ ಎದ್ದಳು, ಅವ್ವ ಅಂದಳು. ನಾನು ಕೊಡವನ್ನು ಅವನ ಕೈಗೆ ಕೊಟ್ಟೆ. ಅವನು ಕೊಡ ನೋಡಿದ, ನನ್ನ ನೋಡಿದ. ಹೆಂಡತಿಯ ಕಡೆ ನೋಡಲಿಲ್ಲ. ಅಂಗಿ ಹಾಕಿಕೊಂಡು ಇಳಿದ.

ನಾನು ಕಟಾಂಜನ ಹಿಡಿದು ಬಗ್ಗಿ ನೋಡಿದೆ. ಅಂಗಳದಲ್ಲಿದ್ದವರೆಲ್ಲ ಅವನ ಕಡೆ ತಿರುಗಿದರು. ಕಾಶಿಬಾಯಿ ಸೊಂಟಕ್ಕೆ ಕೈಯಿಟ್ಟು, "ಯಾ ಸಾಹೇಬ, ಬರ್ರಿ, ಲಾಯಿನ್ ಹಿಂದಿನಿಂದ ಐತಿ," ಎಂದು ಹಿಂದಿನ ಜಾಗ ತೋರಿಸಿದಳು. ಅವನು ಹೋಗಿ ನಿಂತ. ಪಾಳಿ ಬಂದು ಕೊಡ ತುಂಬಿದಾಗ ಎತ್ತಲು ಬರಲಿಲ್ಲ. ಸೀನಪ್ಪ ತನ್ನ ಹೆಗಲ ಪಂಚೆ ತೆಗೆದು, ಸಿಂಬಿ ಸುತ್ತಿ, ಅವನ ಹೆಗಲಿಗೆ ಇಟ್ಟುಕೊಟ್ಟ.

ಮೇಲೆ ಬಂದಾಗ ಬಿಳೀ ಅಂಗಿ ಪೂರ್ತಿ ಒದ್ದೆ. ಅರ್ಧ ನೀರು ಮೆಟ್ಟಿಲ ಪಾಲಾಗಿತ್ತು. ಉಳಿದದ್ದನ್ನು ಹಂಡೆಗೆ ಸುರಿದುಕೊಂಡು, ಕೊಡ ಮತ್ತೆ ಅವನ ಕೈಗೆ ಕೊಟ್ಟೆ.